ಬೀಗದೊಳಗೆ ಬಂದವರು

ಗುರುವಿನ ಕರುಣೆ ದೊಡ್ಡದು. ಅದು ಯಾರ ಮೇಲೆ ಇಳಿಯುತ್ತದೆ ಎಂದು ನಾವು ಹೇಳಲಾರೆವು.

ಹೊಳೆಯ ದಂಡೆಯಲ್ಲೊಂದು ಮಠ. ಮಠದ ಹಿಂದೆ ಬಂಡೆಯ ಗವಿ. ನಲವತ್ತು ವರ್ಷದ ಕೆಳಗೆ ದೊಡ್ಡ ಗುರುಗಳು ಅದರೊಳಗೆ ಕೂತು, ಬಾಗಿಲು ಹಾಕಿಸಿಕೊಂಡು ಐಕ್ಯರಾದರು. ಅಂದಿನಿಂದ ಅಲ್ಲಿಗೆ ಬೀಗ. ಭಕ್ತರು ಹೊಸ್ತಿಲಿಗೇ ಹಣೆ ಮುಟ್ಟಿಸಿ ಹೋಗುತ್ತಾರೆ.

ಒಂದು ಸಂಜೆ ಶಿಷ್ಯ ಚನ್ನಮಲ್ಲ ಮಠದ ಈಗಿನ ಸ್ವಾಮಿಗಳ ಕಾಲಿಗೆ ಬಿದ್ದವನು ಏಳಲೇ ಇಲ್ಲ.

"ಬುದ್ಧಿ, ತಪ್ಪು ಮಾಡಿದೆ. ನನ್ನನ್ನು ಮಠದಿಂದ ಕಳಿಸಬೇಡಿ."

"ಮೊದಲು ಏಳಪ್ಪ. ನನ್ನ ಪಾದ ಒದ್ದೆಯಾಯಿತು."

"ಫೋನು ಹಿಡಿದು ಊರೂರು ನಡೆಯುವ ಒಂದು ಆಟ ಇದೆ, ಬುದ್ಧಿ. ನಿಜವಾದ ಗುಡಿ, ಕಟ್ಟೆಗಳೇ ಅದರ ಗುರುತುಗಳು. ಆಡುವವರೇ ಹೊಸ ಜಾಗ ಸೂಚಿಸಬಹುದು. ಪಂಕ್ತಿಯಲ್ಲಿ ಐದೇ ಜನ ಉಣ್ಣುವುದು ನೋಡಲಾರದೆ, ನಾಲ್ಕು ಜನ ಬರಲಿ ಅಂತ ಗವಿಯನ್ನು ಸೂಚಿಸಿದೆ."

"ಹೊಳೆ ಮಂಟಪ ಇರಲಿಲ್ಲವೇ? ಅದಕ್ಕೆ ಬಾಗಿಲೇ ಇಲ್ಲ."

"ಮಂಟಪದಲ್ಲಿ ದೊಡ್ಡ ಗುರುಗಳಿಲ್ಲವಲ್ಲ."

ಸ್ವಾಮಿಗಳು ನಕ್ಕರು. "ಆಟದವರು ಏನೂ ಕೇಳಲಿಲ್ಲವೇ?"

"ಕೇಳಿದರು. ಯಾರು ಬೇಕಾದರೂ ಅಡ್ಡಿಯಿಲ್ಲದೆ ನಡೆದುಹೋಗಿ ಮುಟ್ಟಬಹುದೇ ಅಂತ. ಹೊಸ್ತಿಲು ಮುಟ್ಟಿದರೆ ಗುರುಗಳನ್ನೇ ಮುಟ್ಟಿದ ಹಾಗೆ ಅಂದುಕೊಂಡು, ಹೌದು ಅಂದೆ."

"ಆಮೇಲೆ?"

ಚನ್ನಮಲ್ಲನ ದನಿ ತಗ್ಗಿತು. "ದಿನಾ ದೀಪ ಹಚ್ಚುವ ಹೊತ್ತಿಗೆ ಒಬ್ಬರು ತಲುಪಿದ್ದಾರೆ ಅಂತ ಫೋನು ಹೇಳುತ್ತದೆ. ಹೋಗಿ ನೋಡಿದರೆ ಯಾರೂ ಇಲ್ಲ. ಹೊಳೆಯಿಂದ ಬಾಗಿಲ ತನಕ ಒದ್ದೆ ಹೆಜ್ಜೆ ಇರುತ್ತವೆ. ವಾಪಸು ಹೋದ ಹೆಜ್ಜೆ ಇಲ್ಲ. ಬೀಗ ಹಾಗೇ ಇದೆ. ಇವತ್ತಿಗೆ ಒಂಬತ್ತು."

ಸ್ವಾಮಿಗಳು ಹೊಳೆಯ ಕಡೆ ನೋಡಿದರು.

"ಯಾರು ಬೇಕಾದರೂ ಅಂದೆಯಾ?"

"ಅಂದೆ, ಬುದ್ಧಿ."

"ಜೀವ ಇರುವವರು ಮಾತ್ರ ಅಂದೆಯಾ?"

"ಅದನ್ನು... ಅವರು ಕೇಳಿರಲಿಲ್ಲ."

"ಹೂಂ."

"ಸುಳ್ಳು ಹೇಳಿದೆ ಅಂತ ಈಗಲೇ ಬರೆದು, ಆ ಗುರುತು ತೆಗೆಸಿಬಿಡುತ್ತೇನೆ."

"ದಾರಿ ಇದೆ ಅಂತ ನಂಬಿ ನಡೆದು ಬಂದಿದ್ದಾರೆ. ಅವರಿಗೆ ಏನು ಹೇಳುತ್ತೀಯೆ?"



ಸ್ವಾಮಿಗಳು ಸೊಂಟದ ಬೀಗದಕೈ ಬಿಚ್ಚಿ, ಗವಿಯ ಬಾಗಿಲು ತೆರೆದರು. ಒಳಗಿನಿಂದ ಹೊಳೆಯ ತಣ್ಣನೆ ವಾಸನೆ ಬಂತು. ನಲವತ್ತು ವರ್ಷದ ಧೂಳಿನಲ್ಲಿ ಒಂಬತ್ತು ಸಾಲು ಹೆಜ್ಜೆ. ದೊಡ್ಡ ಗುರುಗಳ ಗದ್ದುಗೆಯ ಮುಂದೆ, ಪಂಕ್ತಿಗೆ ಕೂತಂತೆ, ಸಾಲಾಗಿ ಒಂಬತ್ತು ಒದ್ದೆ ಗುರುತು.

ಸ್ವಾಮಿಗಳು ಕೈಮುಗಿದರು.

"ಎಲೆ ಹಾಕು."

"ಎಷ್ಟು, ಬುದ್ಧಿ?"

"ಹದಿನೈದು."

"ನಾವು ಐವರು, ಇವರು ಒಂಬತ್ತು. ಹದಿನಾಲ್ಕೇ ಆಗುತ್ತದಲ್ಲ?"

"ದೊಡ್ಡವರು ಜೊತೆಗೆ ಉಣ್ಣಲು ಯಾರಾದರೂ ಬರಲಿ ಅಂತ ನಲವತ್ತು ವರ್ಷದಿಂದ ಕಾದಿದ್ದಾರೆ, ಮೊದಲ ಎಲೆ ಅವರಿಗೆ ಹಾಕು."