ಹೊಂಬಾಳಮ್ಮನ ಮಗ ಗಾಳ ಆರಿಸಿದ್ದು

ಹತ್ತಿರ ಬಂದು ಕೂತ್ಕೊಳ್ಳಿ, ಕಾಲು ಮಡಿಚಿಕೊಳ್ಳಿ. ಇದು ಹೊಳೆಯ ಕತೆ, ಕಾಲು ಚಾಚಿಕೊಂಡು ಕೇಳೋದಲ್ಲ.

ಒಂದು ಹೊಳೆ. ಹೊಳೆಯ ದಡಕ್ಕೆ ಒಂದು ಬೆಸ್ತರ ಕೇರಿ. ಕೇರಿಯ ಕೊನೇ ಗುಡಿಸಲಲ್ಲಿ ಹೊಂಬಾಳಮ್ಮ, ಅವಳಿಗೆ ಒಬ್ಬನೇ ಮಗ ಜವರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕೆಟ್ಟವನಲ್ಲ ಪಾಪ. ಅವ್ವ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ತೊಂದರೆ ಆಗ್ತಿದ್ದದ್ದೇ ಅದರಿಂದ.

ಅವನ ಅಪ್ಪನನ್ನ ಆ ಹೊಳೆಯ ಮಡುವೇ ನುಂಗಿತ್ತು. ಈ ಬೇಸಿಗೆ ಅದೇ ಮಡುವಿಗೆ ಒಂದು ಮೊಸಳೆ ಬಂದು ಸೇರಿಕೊಂಡಿತು. ನೀರು ಕುಡಿಯೋಕೆ ಇಳಿದ ಕರು ಮೇಲೆ ಬರಲಿಲ್ಲ. ಹೆಂಗಸರು ಬಟ್ಟೆ ಒಗೆಯೋ ಕಲ್ಲಿನ ಕಡೆ ಹೋಗೋದನ್ನೇ ಬಿಟ್ಟರು. ಹೊಂಬಾಳಮ್ಮನಿಗಂತೂ ಕೂತರೂ ಭಯ, ನಿಂತರೂ ಭಯ. ಇರೋನು ಒಬ್ಬ, ಅವನೂ ಇಂಥವನು! ಆದರೆ ಹೊಟ್ಟೆ ಕೇಳಬೇಕಲ್ಲ?

"ಲೋ ಜವರ, ಬಲೆ ಬ್ಯಾಡ, ತೆಪ್ಪ ಬ್ಯಾಡ, ನೀರಿಗೆ ಕಾಲಿಡಲೇ ಬ್ಯಾಡ. ಒಂದೇ ದಾರಕ್ಕೆ ಸಾಲಾಗಿ ಗಾಳ ಕಟ್ಕೊಡ್ತೀನಿ, ದಡದಾಗೇ ನಿಂತು ಎಸ್ದು ಬಾ. ಸಂತೆಗೋಗಿ ಗಾಳ ತಕ್ಕಂಬಾ. ಚೂಪಾಗಿರೋದು ನೋಡಿ ತಗೊ!"

"ಚೂಪು ಅಂತ ಹೆಂಗೆ ಗೊತ್ತಾಗ್ತದವ್ವ?"

"ಉಗುರಿನ ಮ್ಯಾಲೆ ಇಟ್ಟು ಎಳಿ. ಜಾರಿದ್ರೆ ಬ್ಯಾಡ, ಕಚ್ಕಂಡ್ರೆ ತಗೊ."

"ಆಗ್ಲವ್ವ!"

ಹೋದ. ಗಾಳದ ಅಂಗಡಿ ಬಾಷಾಸಾಬರ ಮುಂದೆ ಕೂತ. ಇವನಿಗೆ ಉಗುರೆಲ್ಲಿ? ಎಲ್ಲ ಕಡಿದು ತಿಂದಿದ್ದ. ಸಾಬರ ಕೈ ಹಿಡಿದುಕೊಂಡ. ಸಾಬರ ಉಗುರಿನ ಮೇಲೆ ಒಂದು ಗಾಳ ಇಟ್ಟ, ಎಳೆದ. ಜಾರಿತು. ಬ್ಯಾಡ! ಇನ್ನೊಂದು ಇಟ್ಟ, ಎಳೆದ. ಜಾರಿತು. ಬ್ಯಾಡ! ಮತ್ತೊಂದು ಇಟ್ಟು ಜೋರಾಗಿ ಎಳೆದ ನೋಡಿ, ಉಗುರು ದಾಟಿ ಬೆರಳಿಗೇ ಇಳಿಯಿತು.

"ಅಯ್ಯಯ್ಯೋ!" ಅಂದರು ಸಾಬರು.

"ಕಚ್ಕಂತು, ಕಚ್ಕಂತು! ಇದೇ ಕೊಡಿ ಸಾಬ್ರೇ!" ಅಂತ ಇವನು ಗಾಳ ಹಿಡಿದು ಎಳೆದ.

ಗಾಳ ಒಳಗೆ ಹೋದ ಹಾಗೆ ಹೊರಗೆ ಬರುತ್ತಾ? ಸಂತೆಯೇ ಸೇರಿತು. ಜವರ ಹರಿದ ಅಂಗಿಯಲ್ಲಿ ಮನೆಗೆ ಬಂದ.

"ಅಯ್ಯೋ ನನ್ನ ಹಣೆಬರವೇ! ಗಾಳ ಇರೋದು ಮನುಷ್ಯರ ಬೆರಳಿಗಲ್ಲ ಕಣ್ಲಾ, ಮೀನಿನ ಬಾಯಿಗೆ! ಮೊದ್ಲು ಬಾಯಿ ಎಷ್ಟಗಲ ಅದೆ ನೋಡ್ಬೇಕು, ಆಮ್ಯಾಲೆ ಗಾಳ ಆರಿಸ್ಬೇಕು. ಸಣ್ಣ ಬಾಯಿಗೆ ಸಣ್ಣದು, ದೊಡ್ಡ ಬಾಯಿಗೆ ದೊಡ್ಡದು!"

"ಆಗ್ಲವ್ವ!"

ಮಾರನೆ ದಿನ ಅವ್ವ ಸೌದೆಗೆ ಹೋಗಿ ಬಂದು ನೋಡ್ತಾಳೆ, ಮಗ ಇಲ್ಲ. ತಲೆ ಮೇಲಿನ ಹೊರೆ ಅಲ್ಲೇ ಬಿಸಾಕಿ ಹೊಳೆಗೆ ಓಡಿದಳು. ಜವರ ದಡದಲ್ಲಿ ಬೋರಲು ಮಲಗಿದ್ದಾನೆ! ಗಲ್ಲ ನೀರಿಗೆ ತಾಗಿದೆ. ಒಂದು ಕೈಯಲ್ಲಿ ಅಪ್ಪನ ಕಾಲದ ತುಕ್ಕು ಹಿಡಿದ ಸಣ್ಣ ಗಾಳ, ಒಂದು ಕೈಯಲ್ಲಿ ಅಂಥದ್ದೇ ದೊಡ್ಡ ಗಾಳ. ಮಡುವಿನ ಕಡೆ ಮುಖ ಮಾಡಿಕೊಂಡು ಕೂಗ್ತಿದ್ದಾನೆ:

"ಆ ಅನ್ನು! ಲೇ ಮೀನೇ, ಬಾಯಿ ತೆಗಿ, ನೋಡ್ಬೇಕು! ಆ ಅನ್ನು!"

ಅಷ್ಟರಲ್ಲಿ ಮಡುವಿನ ನಡುವೆ ಗುಳುಗುಳು ಗುಳ್ಳೆ ಎದ್ದಿತು. ಆ ಗುಳ್ಳೆ ಒಂದು ಕಡೆ ನಿಲ್ಲಲಿಲ್ಲ. ದಡದ ಕಡೆಗೆ ಬಂತು. ಇನ್ನೂ ಹತ್ತಿರ ಬಂತು. ಹೊಂಬಾಳಮ್ಮ ಮಗನ ಜುಟ್ಟು ಹಿಡಿದು ಹಿಂದಕ್ಕೆ ಎಳೆದಳು.

"ಅವ್ವ, ಯಾವುದೋ ದೊಡ್ಡ ಬಾಯಿ ಬತ್ತಾ ಇತ್ತು!"

"ಮುಚ್ಚು ಬಾಯಿ! ಮೀನಿಗೆ ಮುಖ ತೋರಿಸ್ತಾರೇನ್ಲಾ? ನೀನೂ ಕಾಣಬಾರ್ದು, ಗಾಳಾನೂ ಕಾಣಬಾರ್ದು! ಗಾಳ ನಾನೇ ಆರಿಸ್ತೀನಿ. ನೀನು ಮುದ್ದೆ ಒಳಗೆ ಮುಚ್ಚಿಡು, ಅಷ್ಟೇ. ಮುದ್ದೆ ಅಂತ ನುಂಗಬೇಕು, ಒಳಗೆ ಗಾಳ ಇರ್ಬೇಕು!"

"ಆಗ್ಲವ್ವ!"

ಅವಳೇ ಸಂತೆಗೆ ಹೋಗಿ, ಕೊಕ್ಕೆ ಗಟ್ಟಿಯಾಗಿರೋದು, ಬಾಗದೆ ಇರೋದು ನೋಡಿ ಆರಿಸಿ ತಂದಳು. ಮಗನ ಕೈಗೆ ಕೊಟ್ಟಳು. ಮಧ್ಯಾಹ್ನ ಸೊಪ್ಪಿನ ಸಾರು ಬಡಿಸಿಕೊಂಡು ಉಣ್ಣೋಕೆ ಕೂತಳು. ಮುದ್ದೆ ಮುರಿದಳು, ಸಾರಿಗೆ ಅದ್ದಿದಳು, ಬಾಯಿಗೆ ಇಟ್ಟಳು. ಮುದ್ದೆಯನ್ನ ನಾವು ಅಗಿಯೋದುಂಟಾ? ನುಂಗಬೇಕು. ಇನ್ನೇನು ನುಂಗಬೇಕು, ನಾಲಿಗೆಗೆ ಏನೋ ತಣ್ಣಗೆ ತಾಗಿತು.

ಕಬ್ಬಿಣ!

ಹೊಂಬಾಳಮ್ಮ ಬಾಯಿ ತೆರೆದುಕೊಂಡು ಹಾಗೇ ಕೂತಳು. ನುಂಗೋ ಹಾಗಿಲ್ಲ, ಉಗಿಯೋಕೆ ಭಯ. ಕಣ್ಣಲ್ಲಿ ನೀರು ಇಳಿಯಿತು. ಜವರ ಬಗ್ಗಿ ಅವಳ ಬಾಯೊಳಗೆ ನೋಡಿದ. ಹಿಗ್ಗಿಹೋದ.

"ಏನೂ ಕಾಣ್ತಿಲ್ಲ ಕಣವ್ವ! ನುಂಗು!"

ಎರಡು ಬೆರಳು ಹಾಕಿ ಮೆಲ್ಲಗೆ ಗಾಳ ಹೊರಗೆ ತೆಗೆದಳು. ತಟ್ಟೆಯಲ್ಲಿದ್ದ ಮುದ್ದೆ ಬಿಡಿಸಿದರೆ, ತಂದ ಗಾಳವೆಲ್ಲ ಅದರೊಳಗೇ ಇತ್ತು.

"ಕೊಂದ್ಬುಟ್ಟಿದ್ಯಲ್ಲೋ ನನ್ನ! ನಾ ಸತ್ರೆ ನಿನ್ನ ಯಾರ್ಲಾ ಕಾಯ್ತಾರೆ? ಇನ್ನು ಗಾಳ ಮುಟ್ಟಬ್ಯಾಡ, ಮುದ್ದೆ ಮುಟ್ಟಬ್ಯಾಡ. ಎಲ್ಲ ನಾನೇ ಕಟ್ಟಿ ಕೊಡ್ತೀನಿ. ನೀನು ಒಣ ಮರಳಾಗೆ ನಿಂತು ಎಸಿ, ದಾರದ ತುದಿನ ಅಲುಗಾಡದೇ ಇರೋದಕ್ಕೆ ಕಟ್ಟು, ಬಾ. ಮೊಸಳೆ ಅದೆ, ಜ್ವಾಕೆ!"

"ಅಲುಗಾಡದ್ದು ಅಂದ್ರೆ?"

"ಎಷ್ಟೊತ್ತು ನೋಡಿದ್ರೂ ಮಿಸುಕಬಾರ್ದು!"

"ಮೊಸಳೆ ಅಂದ್ರೆ?"

"ಬಾಲ ಬಡೀತದೆ, ಹಾರಿ ಹಿಡೀತದೆ!"

"ಆಗ್ಲವ್ವ!"

ಹೋದ. ಒಣ ಮರಳಲ್ಲೇ ನಿಂತ, ಎಸೆದ. ತುದಿ ಹಿಡಿದುಕೊಂಡು ನೋಡಿದ. ಹೊಂಗೆ ಮರ ಇತ್ತು. ಗಾಳಿ ಬೀಸಿತು, ಎಲೆ ಅಲುಗಾಡಿತು. ಬ್ಯಾಡ! ಕಲ್ಲು ಇತ್ತು. ಒದ್ದ, ಉರುಳಿತು. ಬ್ಯಾಡ! ಮರಳಿನ ಮೇಲೆ ಒಂದು ಕರೀ ದಿಮ್ಮಿ ಬಿದ್ದಿತ್ತು. ಎದುರಿಗೆ ಕೂತು ನೋಡಿದ. ಬಿಸಿಲು ಏರಿತು, ದಿಮ್ಮಿ ಮಿಸುಕಲಿಲ್ಲ. ಇವನ ನೆತ್ತಿ ಸುಟ್ಟಿತು, ದಿಮ್ಮಿ ಮಿಸುಕಲಿಲ್ಲ. ಒಂದು ಸಲ ಕಣ್ಣು ಪಿಳುಕಿಸಿತು. ಪಿಳುಕಿಸಿದರೆ ಏನಂತೆ, ಬಾಲ ಬಡಿಯಲಿಲ್ಲ, ಹಾರಿ ಹಿಡಿಯಲಿಲ್ಲ!

"ಇದೇ ಸರಿ," ಅಂದ. ಸಣ್ಣಗಿರೋ ತುದಿಗೆ ದಾರ ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದ. ಬಿಗಿಯಾಗಲಿ ಅಂತ ಅದರ ಬೆನ್ನ ಮೇಲೆ ಕಾಲಿಟ್ಟು ಎಳೆದ.

ಮಗ ಬರಲಿಲ್ಲ ಅಂತ ಹುಡುಕಿಕೊಂಡು ಬಂದ ಹೊಂಬಾಳಮ್ಮ ಅದನ್ನ ಕಂಡಳು. ಕೂಗಿದರೆ ಅದು ಎದ್ದೀತು. ಬೆಕ್ಕಿನ ಹಾಗೆ ಹೆಜ್ಜೆ ಇಟ್ಟು ಬಂದು, ಮಗನ ರಟ್ಟೆ ಹಿಡಿದು, ಉಸಿರು ಬಿಗಿಹಿಡಿದು ಈಚೆಗೆ ಎಳೆತಂದಳು. ಹೊಂಗೆ ಮರದ ಬುಡಕ್ಕೆ ಬಂದ ಮೇಲೆ ಮಗನ ರಟ್ಟೆ ಬಿಟ್ಟು ಕೂತಳು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

"ನಿಮ್ಮಪ್ಪನ್ನ ಕೊಟ್ಟಿದ್ದು ಸಾಲ್ದೇನೋ ಈ ಹೊಳೆಗೆ! ಮೊಸಳೆ ಬಾಲಕ್ಕೆ ದಾರ ಕಟ್ತೀಯಾ!"

"ನೀನೇ ಹೇಳಿದ್ದು ಕಣವ್ವ, ಮಿಸುಕಬಾರ್ದು ಅಂತ!"

"ಹೂಂ ಕಣಪ್ಪ, ನಂದೇ ತಪ್ಪು! ಕೈ ಮುಗೀತೀನಿ. ಇನ್ಮ್ಯಾಲೆ ನಾ ಹೇಳಿದ್ದು ಒಂದೂ ಮಾಡ್ಬ್ಯಾಡ! ಒಂದೇ ಒಂದೂ ಮಾಡ್ಬ್ಯಾಡ!"

"ಆಗ್ಲವ್ವ!"

ಆ ಹೊತ್ತಿಗೆ ಸರಿಯಾಗಿ ನೀರಲ್ಲಿ ಮೀನೊಂದು ಗಾಳ ಕಚ್ಚಿತು. ಕಚ್ಚಿ ಎಳೆಯಿತು. ದಾರ ಬಿಗಿಯಿತು, ಬಾಲ ಎಳೆಯಿತು. ದಿಮ್ಮಿ ಎದ್ದಿತು. ಹಿಂದೆ ತಿರುಗಿತು, ಮುಂದೆ ತಿರುಗಿತು, ಹೊಂಗೆ ಮರದ ಕಡೆ ನೋಡಿತು. ಬಾಯಿ ತೆಗೆದುಕೊಂಡು ಮರಳು ಹಾರಿಸ್ತಾ ಬಂತು.

"ಓಡ್ಲಾ! ಓಡೋ ಮಗ!"

ಜವರ ಕೂತ. ಚಕ್ಕಳಮಕ್ಕಳ ಹಾಕಿಕೊಂಡು ನೆಟ್ಟಗೆ ಕೂತ.

"ಏಳ್ಲಾ! ಎದ್ದು ಓಡೋ!"

ಏಳಲಿಲ್ಲ. ಅವ್ವನ ಮುಖ ನೋಡಿ ನಕ್ಕ. ಹೇಳಿದ್ದು ಒಂದೂ ಮಾಡಬಾರದಲ್ಲ! ಮೊಸಳೆಯ ಹಲ್ಲು ಕಾಣಿಸಿತು, ಹಲ್ಲಿನ ಹಿಂದಿನ ಗಂಟಲೂ ಕಾಣಿಸಿತು. ಹೊಂಬಾಳಮ್ಮನಿಗೆ ಆಗ ಹೊಳೆಯಿತು ನೋಡಿ.

"ಓಡಬ್ಯಾಡ! ಇಲ್ಲೇ ಕೂತಿರು! ಅದರ ಬಾಯಿಗೇ ಹೋಗು!"

ದಡಕ್ಕನೆ ಎದ್ದ, ಓಡಿದ! ಮೊಸಳೆ ಅವನು ಕೂತಿದ್ದ ಮರಳನ್ನೇ ಕಚ್ಚಿಕೊಂಡು, ಗಾಳ ಮೀನು ಎಲ್ಲಾನೂ ಬಾಲದಲ್ಲಿ ಎಳೆದುಕೊಂಡು ಮಡುವಿಗೆ ಹೋಯಿತು.

ಹೊಂಬಾಳಮ್ಮನಿಗೆ ಹೋದ ಜೀವ ಬಂತು. "ಸಾಕು ನಿಲ್ಲೋ ನನ್ನಪ್ಪ!" ಅಂದಳು.

ನಿಲ್ಲಲಿಲ್ಲ. ಕೇರಿ ದಾಟಿದ, ಕೇರಿಯಾಚೆಯ ಹೊಲ ದಾಟಿದ. ಹೊಲದಾಚೆ ಹಾಳು ಬಾವಿ, ಅದಕ್ಕೆ ಕಟ್ಟೆಯಿಲ್ಲ.

"ಮುಂದೆ ಬಾವಿ ಅದೆ ಕಣ್ಲಾ! ಕಣ್ಣು ಬಿಟ್ಕಂಡು ಓಡೋ!"

ಜವರ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಹೊಂಬಾಳಮ್ಮ ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಂಡು ಅವನ ಹಿಂದೆ ಓಡಿದಳು.