ಬಡಕಲು ನಾಯಿಯ ಗಂಜಿ

ನದಿಯ ದಡದ ಆಶ್ರಮದಲ್ಲಿ ಚಿದಂಬರ ಎಂಬ ಶಿಷ್ಯನಿದ್ದ. ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದ. ಅದೂ ಒಂದು ಹಿಡಿ.

ಮಾಘದ ಚಳಿಯಲ್ಲೂ ಅವನು ಶಾಲು ಹೊದೆಯುತ್ತಿರಲಿಲ್ಲ. ಮಡಿಸಿ ಒಂದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ. ಆಶ್ರಮಕ್ಕೆ ಬಂದ ಭಕ್ತರು ಅವನ ಎದೆಗೂಡು ಕಂಡು ಮೊದಲು ಅವನಿಗೇ ಕೈಮುಗಿಯುತ್ತಿದ್ದರು.

ಒಂದು ಬೆಳಗ್ಗೆ ಅವನು ಗುರುಗಳ ಮುಂದೆ ನಿಂತ. ಗುರುಗಳು ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

"ಗುರುಗಳೇ, ಬರುವ ಚಾತುರ್ಮಾಸ್ಯವಿಡೀ ಅನ್ನ ಬಿಡಬೇಕೆಂದಿದ್ದೇನೆ. ನೀರು, ಒಂದಿಷ್ಟು ಹಾಲು, ಅಷ್ಟೇ. ತಮ್ಮ ಅಪ್ಪಣೆಯಾಗಬೇಕು."

ಅಪ್ಪಣೆಯಿಲ್ಲದೆ ಅಲ್ಲಿ ಯಾರೂ ವ್ರತ ಹಿಡಿಯುವಂತಿರಲಿಲ್ಲ.

ಗುರುಗಳು ಮೆಟ್ಟಿಲ ಕೆಳಗೆ ಕೈ ತೋರಿಸಿದರು. ಅಲ್ಲಿ ಒಂದು ಪುಟ್ಟ ನಾಯಿ ಮುದುಡಿಕೊಂಡಿತ್ತು. ಯಾರೋ ದೋಣಿಯಲ್ಲಿ ತಂದು ಬಿಟ್ಟು ಹೋಗಿದ್ದರು. ಬೆಕ್ಕಿಗಿಂತ ತುಸು ದೊಡ್ಡದು. ಮೈಯೆಲ್ಲ ಮೂಳೆ.

"ಪಕ್ಕೆಲುಬು ಕಣ್ಣಿಗೇ ಕಾಣುತ್ತಿದೆ, ನೋಡು. ಹಾಗೆ ಕಾಣಬಾರದು. ಕೈಯಿಟ್ಟರೆ ಮಾತ್ರ ಸಿಗಬೇಕು. ಅಷ್ಟಾಗುವವರೆಗೆ ಇದನ್ನು ಸಾಕು. ಆಮೇಲೆ ಬಂದು ಕೇಳು."

"ಅಷ್ಟೇನೇ?"

"ಅಷ್ಟೇ."

ಚಿದಂಬರನಿಗೆ ನಗು ಬಂತು. ನಾಯಿಗೆ ಕಡಲೆ ಎಂದು ಹೆಸರಿಟ್ಟ.

ಮರುದಿನ ಸತ್ಯನಾರಾಯಣ ಪೂಜೆ. ದೊಡ್ಡ ಬಾಣಲೆಯ ತುಂಬ ಸಪಾದ ಆಗಿತ್ತು. ರವೆ, ಸಕ್ಕರೆ, ಕೈ ಜಾರುವಷ್ಟು ತುಪ್ಪ, ಒಣದ್ರಾಕ್ಷಿ. ಚಿದಂಬರ ದೊನ್ನೆ ತುಂಬಿ ಕಡಲೆಯ ಮುಂದಿಟ್ಟ. ಖಾಲಿಯಾಯಿತು. ಇನ್ನೊಂದು ದೊನ್ನೆ ಇಟ್ಟ. ಬೇಗ ಮೈ ತುಂಬಿಕೊಂಡರೆ ಬೇಗ ಅಪ್ಪಣೆ. ಪ್ರಸಾದದಿಂದ ಯಾರಿಗಾದರೂ ಕೆಡುಕಾದೀತೇ?

ಮಧ್ಯಾಹ್ನಕ್ಕೆ ನಾಯಿ ವಾಂತಿ ಮಾಡಿಕೊಂಡಿತು. ಆಮೇಲೆ ತಲೆ ಎತ್ತಲಿಲ್ಲ.

ಆಚೆ ದಡದ ಊರಿನಿಂದ ಪಶುವೈದ್ಯೆ ಫಿಲೋಮಿನಾ ದೋಣಿ ಹತ್ತಿ ಬಂದರು. ನಾಯಿಯ ಕಣ್ಣರೆಪ್ಪೆ ಬಿಡಿಸಿ ನೋಡಿದರು.

"ಏನು ತಿನ್ನಿಸಿದಿರಿ?"

"ಸಪಾದ, ಡಾಕ್ಟರೇ. ಪೂಜೆಯದು. ಶುದ್ಧ ತುಪ್ಪದ್ದು."

"ದ್ರಾಕ್ಷಿ ಹಾಕಿದ್ದಿರಾ?"

"ಧಾರಾಳವಾಗಿ."

"ದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡವನ್ನೇ ಕೆಡಿಸುತ್ತದೆ. ಇಷ್ಟು ಸಣ್ಣ ಜೀವಕ್ಕೆ ನಾಲ್ಕಾರು ಕಾಳೇ ಸಾಕು. ಅದರ ಮೇಲೆ ಒಣಗಿದ ಹೊಟ್ಟೆಗೆ ಇಷ್ಟೊಂದು ತುಪ್ಪ!"

"ಆದರೆ ಅದು ಪ್ರಸಾದ..."

"ಅದು ಅದರ ಹೊಟ್ಟೆಗೆ ಗೊತ್ತಿಲ್ಲವಲ್ಲ, ಸ್ವಾಮಿ."

ಅವರು ಕಾಲಿಗೆ ಸೂಜಿ ಚುಚ್ಚಿ, ಗ್ಲೂಕೋಸ್ ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿದರು. ನಾಯಿ ನಡುಗುತ್ತಿತ್ತು. ಚಿದಂಬರ ಹೆಗಲ ಮೇಲಿನ ಶಾಲು ತೆಗೆದು ಅದಕ್ಕೆ ಹೊದಿಸಿದ.

"ಬದುಕುತ್ತದೆಯೇ?"

"ಬೆಳಗಾಗುವುದರೊಳಗೆ ಉಚ್ಚೆ ಹೊಯ್ದರೆ ಹೇಳುತ್ತೇನೆ. ಹೊಯ್ಯದಿದ್ದರೆ ಹೇಳುವುದಕ್ಕೇನೂ ಇರುವುದಿಲ್ಲ."

ಚಿದಂಬರ ಅಲ್ಲಿಂದ ಏಳಲಿಲ್ಲ. ಸಂಧ್ಯಾವಂದನೆಗೂ ಏಳಲಿಲ್ಲ. ಗುರುಗಳು ಬಂದು ನೋಡಿ ಹೋದರು.

ಬೆಳಗ್ಗೆ ಶಾಲು ಒದ್ದೆಯಾಗಿತ್ತು.

"ಡಾಕ್ಟರೇ, ಹೊಯ್ದಿದೆ! ಶಾಲಿನ ಮೇಲೆಯೇ ಹೊಯ್ದಿದೆ!" ಎಂದು ಅವನು ದೋಣಿಗೆ ಎದುರಾಗಿ ಓಡಿದ. ಹತ್ತಿರದಲ್ಲಿದ್ದ ಭಕ್ತರು ದಿಗಿಲುಬಿದ್ದು ದಾರಿ ಬಿಟ್ಟರು.

ಕೆಲವು ದಿನ ಕಳೆದ ಮೇಲೆ ಫಿಲೋಮಿನಾ ಜಂತುಹುಳದ ಔಷಧಿ ಕೊಟ್ಟರು.

"ತೆಳ್ಳಗಾಗಿದ್ದು ಬರೀ ಹಸಿವಿನಿಂದಲ್ಲ. ನೀವು ಹಾಕಿದ್ದನ್ನು ಹುಳುಗಳೇ ತಿನ್ನುತ್ತಿದ್ದವು. ಇನ್ನು ಮೆತ್ತಗೆ ಬೇಯಿಸಿದ ಗಂಜಿ ಅನ್ನ ಕೊಡಿ. ಉಪ್ಪು ಬೇಡ, ಒಗ್ಗರಣೆ ಬೇಡ, ತುಪ್ಪ ಬೇಡವೇ ಬೇಡ. ಬೇಯಿಸಿದ ಮೊಟ್ಟೆ ಸ್ವಲ್ಪ ಕಿವುಚಿ ಹಾಕಿ. ಒಂದೇ ಸಲ ಸುರಿಯಬೇಡಿ. ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕೈದು ಸಲ. ಅರಗಿದರೆ ಮಾತ್ರ ಹೆಚ್ಚಿಸಿ. ವಾರಕ್ಕೊಮ್ಮೆ ತೂಕಕ್ಕೆ ಕರೆತನ್ನಿ."

ಚಿದಂಬರ ಗುರುಗಳ ಬಳಿಗೆ ಹೋದ.

"ಗುರುಗಳೇ, ಮೊಟ್ಟೆ ಎನ್ನುತ್ತಾರೆ. ನಮ್ಮ ಆಶ್ರಮದಲ್ಲಿ ಮೊಟ್ಟೆಯೇ?"

"ಕಡಲೆ ಯಾವಾಗ ಸನ್ಯಾಸ ತೆಗೆದುಕೊಂಡಿತಪ್ಪಾ?"

ಚಿದಂಬರ ಹೊರಗೆ ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿದ. ಊರಿನಿಂದ ಮೊಟ್ಟೆಯನ್ನು ಪಂಚೆಯ ಸೆರಗಿನಲ್ಲಿ ಮುಚ್ಚಿ ತಂದ. ಸೌದೆ ಹೊತ್ತು ಬರುವಾಗ ಅವನಿಗೆ ಕಣ್ಣು ಕತ್ತಲಿಡುತ್ತಿತ್ತು. ದಾರಿಯಲ್ಲೇ ಕೂತು ಸುಧಾರಿಸಿಕೊಳ್ಳುತ್ತಿದ್ದ.

ಕಡಲೆ ಬಟ್ಟಲು ನೆಕ್ಕಿ ಮುಗಿಸಿ ಅವನ ಮುಖವನ್ನೇ ನೋಡುತ್ತಿತ್ತು. ಅವನಿಗೆ ತಡೆಯಲಾಗುತ್ತಿರಲಿಲ್ಲ.

"ಇನ್ನೂ ಬೇಕು ಅನ್ನುತ್ತಿದೆ, ಗುರುಗಳೇ. ಇಷ್ಟೇ ಇಷ್ಟು ಹಾಕುವುದು ಕ್ರೂರವಲ್ಲವೇ?"

ಗುರುಗಳು ಒಲೆಯ ಕಡೆ ನೋಡಿದರು. ಆರುತ್ತಿದ್ದ ಕೆಂಡದ ಮೇಲೆ ಅವನು ಅವಸರದಲ್ಲಿ ಒಂದು ದಪ್ಪ ಕೊರಡು ಹೇರಿದ್ದ. ಬರೀ ಹೊಗೆ.

ಗುರುಗಳು ಕುಕ್ಕರಗಾಲಲ್ಲಿ ಕೂತು ಕೊರಡನ್ನು ಆಚೆ ಎಳೆದರು. ಒಂದು ಎಳೆ ತೆಂಗಿನ ನಾರು ಇಟ್ಟು ಊದಿದರು. ಹೊತ್ತಿಕೊಂಡಿತು. ಇನ್ನೊಂದಿಷ್ಟು ನಾರು ಇಟ್ಟರು. ಆಮೇಲೆ ಪುಳ್ಳೆ. ಕೈ ಕೊಡವಿಕೊಂಡು ಎದ್ದು ಹೋದರು.

ಚಿದಂಬರ ಮತ್ತೆ ಅದನ್ನು ಕೇಳಲಿಲ್ಲ.

ಹೊಂಗೆ ಚಿಗುರಿತು, ಹೂ ಉದುರಿತು. ಕಡಲೆಯ ಕೂದಲಿಗೆ ಹೊಳಪು ಬಂತು. ಈಗ ಅದು ದೋಣಿಯವನಿಗೆ ಬೊಗಳುವಷ್ಟಾಗಿತ್ತು. ತಕ್ಕಡಿಯ ಮೇಲೆ ನಿಲ್ಲಿಸಿದಾಗ ಫಿಲೋಮಿನಾ, "ಇನ್ನು ಇಷ್ಟರಲ್ಲೇ ಇರಲಿ. ಬೊಜ್ಜು ಬರಿಸಬೇಡಿ," ಎಂದರು.

ಚಿದಂಬರ ಅದನ್ನು ಎತ್ತಿಕೊಂಡು ಗುರುಗಳ ಮುಂದೆ ಬಂದ. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಒಗೆದು ಮಡಿಸಿದ ಶಾಲು ಮತ್ತೆ ಒಂದು ಹೆಗಲ ಮೇಲಿತ್ತು.

"ಕಣ್ಣಿಗೆ ಕಾಣುವುದಿಲ್ಲ, ಗುರುಗಳೇ. ಕೈಯಿಟ್ಟು ನೋಡಿ."

ಗುರುಗಳು ನಾಯಿಯ ಪಕ್ಕೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದರು.

"ಸಿಗುತ್ತವೆ. ಚೆನ್ನಾಗಿ ಸಾಕಿದ್ದೀಯ."

"ಹಾಗಾದರೆ ಈಗ ಕೇಳಬಹುದೇ?"

"ಕೇಳು."

"ಅನ್ನ ಬಿಡಲು ಅಪ್ಪಣೆ."

ಗುರುಗಳು ಅವನನ್ನು ಹತ್ತಿರ ಕರೆದರು. ನಾಯಿಯ ಮೇಲಿಂದ ತೆಗೆದ ಅದೇ ಅಂಗೈಯನ್ನು ಅವನ ಎದೆಯ ಪಕ್ಕಕ್ಕೆ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಅವನ ಹೆಗಲ ಮೇಲಿನ ಶಾಲು ಬಿಡಿಸಿ, ಮೈ ಪೂರ್ತಿ ಮುಚ್ಚುವಂತೆ ಹೊದಿಸಿದರು.

"ಹೋಗು, ಒಲೆ ಹಚ್ಚು. ಗಂಜಿ ಇಡು. ತುಪ್ಪ ಬೇಡ."