ಬುಟ್ಟಿಯಡಿಯ ಲೆಕ್ಕ

ಹೊಳೆದಂಡೆಯ ಆ ಆಶ್ರಮದಲ್ಲಿ ಗಣಿತ ಕಲಿಸುತ್ತಿದ್ದುದು ಮರಳಿನ ಮೇಲೆ. ಚಪ್ಪರದಡಿ ಮರಳು ಹಾಸಿತ್ತು. ಮಕ್ಕಳು ಸಾಲಾಗಿ ಕೂತು ಬೆರಳಿನಲ್ಲಿ ಬರೆಯುತ್ತಿದ್ದರು.

ಅಲ್ಲೊಂದು ಕಟ್ಟಳೆ ಇತ್ತು. ಸರಿಯಾದ ಲೆಕ್ಕವನ್ನು ಯಾರು ಬೇಕಾದರೂ ಅಳಿಸಬಹುದು. ತಪ್ಪಿದ ಲೆಕ್ಕವನ್ನು ಮಾತ್ರ ಬರೆದವರೇ ಅಳಿಸಬೇಕು, ಅದೂ ಎಲ್ಲಿ ತಪ್ಪಿತೆಂದು ಗುರುವಿನ ಪಕ್ಕ ಕೂತು ಕಂಡುಕೊಂಡ ಮೇಲೆ. ಅಲ್ಲಿಯತನಕ ಕೋಳಿ ಕೆದಕದಂತೆ ಅದನ್ನು ಕಾಯಬೇಕು. ಕೇಳಿದವರಿಗೆ ತಮಾಷೆ ಅನ್ನಿಸೀತು. ಅಲ್ಲಿ ಕಲಿತವರು ಯಾರೂ ನಗುತ್ತಿರಲಿಲ್ಲ.

ಈ ಕಟ್ಟಳೆ ಮಾಡಿದವರು ಹಿರಿಯ ಗುರು ಅಡವಯ್ಯನವರು. ಅವರ ಕಣ್ಣಿಗೆ ಪೊರೆ ಬಂದು ಮರಳ ಮೇಲಿನ ಗೆರೆ ಕಾಣದಾದಾಗ, ಪಾಠವೆಲ್ಲ ಅವರ ಶಿಷ್ಯ ಪಂಪಣ್ಣನ ಪಾಲಿಗೆ ಬಂತು. ಹನ್ನೆರಡು ವರ್ಷ ಅವನು ಚೆನ್ನಾಗಿಯೇ ಕಲಿಸಿದ.

ಆಮೇಲೆ ಪಂಪಣ್ಣನಿಗೆ ಒಂದು ಆಸೆ ಹುಟ್ಟಿತು. ರಾಜಧಾನಿಯ ವಿದ್ವತ್ ಸಭೆ ಗಣಿತ ಕಲಿಸುವವರಿಗೆಂದೇ ಪರೀಕ್ಷೆ ಇಟ್ಟಿತ್ತು. ಗೆದ್ದವರಿಗೆ ತಾಮ್ರದ ಮುದ್ರೆ ಕೊಡುತ್ತಿದ್ದರು. ಅಲ್ಲಿ ಗಣಿತ ಬಂದರಷ್ಟೇ ಸಾಲದು. ತನ್ನ ಶಿಷ್ಯರಲ್ಲಿ ಒಬ್ಬರು ಎಲ್ಲಿ ಎಡವಿದರು, ಅವರನ್ನು ಹೇಗೆ ತಿದ್ದಬೇಕು ಅಂತ ಓಲೆಯಲ್ಲಿ ಬರೆದು ಒಪ್ಪಿಸಬೇಕಿತ್ತು. ಆಸೆಪಟ್ಟದ್ದು ತಪ್ಪೇನಲ್ಲ ಬಿಡಿ. ಕಲಿಸುವವನಿಗೂ ಭೇಷ್ ಅನ್ನಿಸಿಕೊಳ್ಳಬೇಕು ಅಂತ ಇರುತ್ತದೆ.

ಓಲೆ ಹಿಡಿದು ರಾಜಧಾನಿಗೆ ಹೋದವನು ಎಂಟು ತಿಂಗಳ ಮೇಲೆ ಮುದ್ರೆ ಗೆದ್ದುಕೊಂಡು ಬಂದ. ಮಕ್ಕಳು ದೋಣಿಯ ತನಕ ಓಡಿ ಹೋಗಿ ಕರೆತಂದರು.

ಅಡವಯ್ಯನವರು ಆ ತಾಮ್ರವನ್ನು ಬೆರಳಿನಿಂದ ತಡವಿ ನೋಡಿ, ಅಲ್ಲಿ ಏನು ಕಲಿತೆ ಎಂದು ಕೇಳಿದರು.

"ಉತ್ತರ ಕೇಳುವ ಮೊದಲು ಮಗು ನಡೆದ ದಾರಿ ನೋಡಬೇಕು ಅಂತ ಕಲಿತೆ, ಗುರುಗಳೇ."

"ಒಳ್ಳೆಯದನ್ನೇ ಕಲಿತಿದ್ದೀಯ. ಹಾಗಾದರೆ ಮೂಲೆಯಲ್ಲಿರುವ ಆ ಬುಟ್ಟಿ ಎತ್ತು."

ಚಪ್ಪರದ ಮೂಲೆಯಲ್ಲಿ ಬಿದಿರ ಬುಟ್ಟಿಯೊಂದನ್ನು ಬೋರಲು ಹಾಕಿತ್ತು. ಅದು ದ್ಯಾಮವ್ವ ಹೆಣೆದದ್ದೆಂದು ನೋಡಿದ ಕೂಡಲೇ ಪಂಪಣ್ಣನಿಗೆ ಗೊತ್ತಾಯಿತು. ದ್ಯಾಮವ್ವ ಬುಟ್ಟಿ ಹೆಣೆಯುವ ಮೇದಾರರ ಹುಡುಗಿ, ಅವನ ಶಿಷ್ಯೆ. ಅವನು ಓಲೆಯಲ್ಲಿ ಬರೆದದ್ದು ಅವಳ ತಪ್ಪನ್ನೇ.

ಅವಳೆಲ್ಲಿ ಎಂದು ಕೇಳಿದ. ಊರಿಗೆ ಹೋದಳು, ಮೊದಲು ಬುಟ್ಟಿ ಎತ್ತು ಎಂದರು ಗುರುಗಳು.

ಬುಟ್ಟಿ ಎತ್ತುವಾಗಲೇ ಅವನಿಗೆ ಹೊರಡುವ ಹಿಂದಿನ ದಿನ ನೆನಪಾಯಿತು. ನೆರಳು ಅಳೆದು ಅಂಗಳದ ತೆಂಗಿನ ಮರ ಎಷ್ಟೆತ್ತರ ಹೇಳು ಅಂತ ಅವಳಿಗೆ ಲೆಕ್ಕ ಕೊಟ್ಟಿದ್ದ. ಮರದ ನೆರಳು ಅಳೆಯಬೇಕು, ಒಂದು ಮೊಳದ ಅಳತೆಗೋಲು ನೆಟ್ಟು ಅದರ ನೆರಳನ್ನೂ ಅಳೆಯಬೇಕು, ಎರಡನ್ನೂ ಹೋಲಿಸಬೇಕು. ಸಂಜೆ ಅವಳು ಬಂದು ಹತ್ತು ಮೊಳ ಎಂದಳು. ಮರ ಇದ್ದದ್ದು ಇಪ್ಪತ್ತು ಮೊಳ.

ತಪ್ಪು ಉತ್ತರ ಕೇಳಿ ಪಂಪಣ್ಣನಿಗೆ ಸಂತೋಷವಾಗಿತ್ತು. ಅದನ್ನು ಈಗ ನೆನೆದರೆ ಅವನಿಗೇ ನಾಚಿಕೆ. ಓಲೆಗೆ ಬೇಕಾದದ್ದು ಸಿಕ್ಕಿತ್ತಲ್ಲ! ಈ ಹುಡುಗಿಗೆ ಹೋಲಿಸಿ ಲೆಕ್ಕ ಹಾಕುವ ಕ್ರಮವೇ ತಿಳಿದಿಲ್ಲ ಎಂದು ಬರೆದ, ಅದನ್ನು ತಿದ್ದುವ ಬಗೆಯನ್ನೂ ಸೊಗಸಾಗಿ ಬರೆದ. ಬಂದು ನೋಡುತ್ತೇನೆ, ಅಳಿಸಬೇಡ ಎಂದು ಅವಳಿಗೆ ಹೇಳಿ ಬೆಳಿಗ್ಗೆ ದೋಣಿ ಹತ್ತಿದ.

ಬುಟ್ಟಿಯಡಿ ಮರಳ ಗೆರೆಗಳು ಹಾಗೇ ಇದ್ದವು. ಪಂಪಣ್ಣ ಬಗ್ಗಿ ನೋಡಿದ.

ಮರದ ನೆರಳು ಇಪ್ಪತ್ತು ಮೊಳ. ಒಂದು ಮೊಳದ ಕೋಲಿಗೆ ನೆರಳು ಎರಡು ಮೊಳ. ಇಪ್ಪತ್ತರಲ್ಲಿ ಅರ್ಧ, ಹತ್ತು. ಕ್ರಮದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಮರದ ನೆರಳನ್ನು ಪಡುವಣಕ್ಕೆ ಎಳೆದಿದ್ದಳು, ಕೋಲಿನ ನೆರಳನ್ನು ಮೂಡಣಕ್ಕೆ. ಒಂದು ಬೆಳಗಿನದು, ಒಂದು ಸಂಜೆಯದು. ಎರಡನ್ನೂ ಒಂದೇ ಹೊತ್ತಿಗೆ ಅಳೆಯದಿದ್ದರೆ ಲೆಕ್ಕ ಕೂಡದು.

ಅಯ್ಯೋ ಎಂದುಕೊಂಡ. ಅವಳು ಬೆಳಿಗ್ಗೆಯೇ ಕೋಲು ಕೇಳಲು ಬಂದಿದ್ದಳು. ಆಶ್ರಮಕ್ಕೆ ಇದ್ದದ್ದು ಅದೊಂದೇ ಅಳತೆಗೋಲು. ಅದನ್ನಿಟ್ಟುಕೊಂಡು ಇವನು ಓಲೆಗೆ ನೇರ ಗೆರೆ ಎಳೆಯುತ್ತಿದ್ದ. ಇರು ಎಂದ. ಮಧ್ಯಾಹ್ನ ಬಂದಳು, ಆಗಲೂ ಇರು ಎಂದ. ಹೊತ್ತು ಇಳಿದ ಮೇಲೆ ಕೊಟ್ಟ.

ಅವಳು ಎರಡು ತಿಂಗಳು ಕಾದಳೆಂದು ಗುರುಗಳು ಹೇಳಿದರು. ದಿನಾ ಬುಟ್ಟಿ ಎತ್ತಿ, ತನ್ನ ಲೆಕ್ಕ ನೋಡಿ, ಮತ್ತೆ ಮುಚ್ಚಿಡುತ್ತಿದ್ದಳಂತೆ. ಅಷ್ಟರಲ್ಲಿ ರಾಜಧಾನಿಯಿಂದ ಬಂದ ಯಾತ್ರಿಕನೊಬ್ಬ ಇದೇ ಚಪ್ಪರದಲ್ಲಿ ಊಟಕ್ಕೆ ಕೂತು, ಪಂಪಣ್ಣನವರ ಓಲೆಯನ್ನು ತುಂಬಿದ ಸಭೆಯಲ್ಲಿ ಓದಿದರು, ಲೆಕ್ಕದ ಕ್ರಮವೇ ತಿಳಿಯದ ಒಬ್ಬ ಮೇದಾರರ ಹುಡುಗಿಯ ವಿಷಯ ಅದು, ಪಂಡಿತರೆಲ್ಲ ತಲೆದೂಗಿದರು ಎಂದು ಹೇಳಿದ. ಅವತ್ತೇ ಅವಳು ಬಟ್ಟೆ ಗಂಟು ಕಟ್ಟಿಕೊಂಡು ಊರಿಗೆ ಹೊರಟಳು.

ಪಂಪಣ್ಣ ಕಾಲಿನ ಧೂಳನ್ನೂ ತೊಳೆಯದೆ ಅವಳ ಊರಿಗೆ ನಡೆದ. ಎರಡು ದಿನದ ದಾರಿ.

ದ್ಯಾಮವ್ವ ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದಳು. ಎದ್ದು ನೀರು ಕೊಟ್ಟು, ಮತ್ತೆ ಕೂತಳು. ಅವನು ನೆಲದ ಮೇಲೆ ಎರಡು ನೆರಳು ಬರೆದು ತೋರಿಸಿದ. ತಪ್ಪು ನಿನ್ನದಲ್ಲ, ಕೋಲು ನನ್ನ ಹತ್ತಿರ ಇತ್ತು ಎಂದ. ಬಂದು ಆ ಲೆಕ್ಕ ಅಳಿಸು ಎಂದು ಬೇಡಿಕೊಂಡ.

ಅವಳ ಕೈ ಒಂದು ಗಳಿಗೆ ನಿಂತಿತು. ಅವಳಿಗೆ ಅರ್ಥವಾಯಿತೆಂದು ಅವನಿಗೆ ಗೊತ್ತಾಯಿತು. ಆಮೇಲೆ ಕೈ ಮತ್ತೆ ಬಿದಿರಿಗೆ ಹೋಯಿತು.

"ಇರಲಿ ಬಿಡಿ, ಗುರುಗಳೇ. ನನಗೆ ಲೆಕ್ಕ ಬರೋದಿಲ್ಲ. ನೀವೇ ಬರೆದಿದ್ದೀರಲ್ಲ, ದೊಡ್ಡವರೆಲ್ಲ ಒಪ್ಪಿದ್ದಾರಲ್ಲ."

ಸಿಟ್ಟಿನಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ನಂಬಿ ಹೇಳಿದಳು. ಬಿದಿರ ಸೀಳು ಎಣಿಸುವುದನ್ನೂ ಈಗ ತಂಗಿಗೇ ಬಿಟ್ಟಿದ್ದಾಳೆ ಎಂದು ಅವಳ ತಾಯಿ ಬಾಗಿಲಲ್ಲಿ ನಿಂತು ಹೇಳಿದಳು.

ಮರಳಿ ಬಂದ ಪಂಪಣ್ಣ ಮುದ್ರೆಯನ್ನು ಗುರುಗಳ ಮುಂದಿಟ್ಟ. ಹೊಳೆಗೆ ಎಸೆದುಬಿಡಲೇ ಎಂದು ಕೇಳಿದ.

"ತಾಮ್ರ ಏನು ಮಾಡಿತಪ್ಪ? ಅಲ್ಲಿ ಕಲಿತದ್ದು ನಿಜವೇ. ಅದಕ್ಕೇ ನಿನಗೆ ಈ ನೆರಳು ಕಂಡದ್ದು." ಅಡವಯ್ಯನವರು ಮುದ್ರೆಯನ್ನು ಅವನ ಕಡೆಗೇ ಸರಿಸಿದರು. "ಅವಳು ಕಾಯುವಾಗ ನಾನೂ ಇಲ್ಲೇ ಇದ್ದೆ. ನನಗೆ ಕಾಣಲಿಲ್ಲ. ಹೇಗೆ ಅಳೆದೆ ಅಂತ ಬಾಯಲ್ಲಿ ಕೇಳಬಹುದಿತ್ತು, ಕೇಳಲಿಲ್ಲ."

ಇಬ್ಬರೂ ಆ ಮೂಲೆಯ ಪಕ್ಕ ಕೂತರು. ಮರಳು ಒಣಗಿ, ಗೆರೆಗಳ ಅಂಚು ಅಲ್ಲಲ್ಲಿ ಉದುರುತ್ತಿತ್ತು.

"ಅವಳು ಬರುವುದಿಲ್ಲ, ಗುರುಗಳೇ. ನಾನೇ ಅಳಿಸಲೇ?"

ಅಡವಯ್ಯನವರು ನೆಲ ತಡವಿ, ಬುಟ್ಟಿ ಹುಡುಕಿ, ಅವನ ಕೈಗೆ ಕೊಟ್ಟರು.

"ಮುಚ್ಚು. ನಾಳೆ ಮಕ್ಕಳನ್ನು ಆ ಜಾಗ ಬಿಟ್ಟು ಕೂರಿಸು."